ಸಂವಿಧಾನದ ಆಶಯಗಳು ಮತ್ತು ಆರ್ಥಿಕ ನೀತಿ: ದಾವಣಗೆರೆ–ಹರಿಹರ ಸೀಮೆ

ಸ್ವತಂತ್ರ ಭಾರತ ಹುಟ್ಟಿನ ಹೊತ್ತಿನಲ್ಲಿ ಒಪ್ಪಿಕೊಂಡ ನೈತಿಕ ಆಶಯಗಳಿಗೂ ಆಮೇಲೆ ಅದು ಹಿಡಿದ ಆರ್ಥಿಕ ದಾರಿಗಳಿಗೂ ಇರುವ ನಂಟನ್ನು ಮಧ್ಯ ಕರ್ನಾಟಕದ ದಾವಣಗೆರೆ ನಗರ, ತುಂಗಭದ್ರೆಯ ದಡದ ಹರಿಹರ ಮತ್ತು ದಾವಣಗೆರೆ ತಾಲ್ಲೂಕಿನ ಲೋಕಿಕೆರೆ, ತೋಳಹುಣಸೆ, ಆನಗೋಡು ಮೊದಲಾದ ಹಳ್ಳಿಗಳ ಅನುಭವದ ಮೂಲಕ ನೋಡುವ ಲೇಖನ. ಹತ್ತಿಗಿರಣಿ, ಯಂತ್ರೋದ್ಯಮ, ಕೃತಕ ನಾರಿನ ಕಾರ್ಖಾನೆ, ಕಾಲುವೆ ನೀರಾವರಿ, ಖಾಸಗಿ ವೃತ್ತಿಶಿಕ್ಷಣ ಇವೆಲ್ಲ ಮೂವತ್ತು ಮೈಲಿಯೊಳಗೆ ಬೆಳೆದ ಸೀಮೆ ಇದು. ಇವುಗಳಲ್ಲಿ ಕೆಲವು ಇಲ್ಲಿಯೇ ಮುಳುಗಿದವು. ದೆಹಲಿ, ಬೆಂಗಳೂರುಗಳಲ್ಲಿ ಬದಲಾದ ಪ್ರತಿಯೊಂದು ನೀತಿಯ ಗುರುತೂ ಈ ನೆಲದ ಮೇಲೆ ಬಿದ್ದಿದೆ.

ಆಶಯಗಳ ನೆಲೆ

1949ರ ನವೆಂಬರ್ 26ರಂದು ಅಂಗೀಕಾರವಾದ ಸಂವಿಧಾನದ ಪ್ರಸ್ತಾವನೆ ನ್ಯಾಯವನ್ನು ಮೂರು ಬಗೆಯಾಗಿ ಹೇಳುತ್ತದೆ: ಸಾಮಾಜಿಕ, ಆರ್ಥಿಕ, ರಾಜಕೀಯ. ಆರ್ಥಿಕ ನ್ಯಾಯದ ವಿವರ ಇರುವುದು ಐರ್ಲೆಂಡ್ ಸಂವಿಧಾನದ ಮಾದರಿಯಲ್ಲಿ ಸೇರಿಸಿದ ನಾಲ್ಕನೆಯ ಭಾಗದ ನಿರ್ದೇಶಕ ತತ್ವಗಳಲ್ಲಿ. ಸಮುದಾಯದ ಭೌತಿಕ ಸಂಪನ್ಮೂಲಗಳು ಎಲ್ಲರ ಹಿತಕ್ಕಾಗಿ ಹಂಚಿಕೆಯಾಗಬೇಕು ಎಂದು 39(ಬಿ) ವಿಧಿ ಹೇಳಿದರೆ, ಸಂಪತ್ತು ಕೆಲವರ ಕೈಯಲ್ಲಿ ಗುಡ್ಡೆಬೀಳಬಾರದು ಎನ್ನುವುದು 39(ಸಿ). 40ನೆಯ ವಿಧಿ ಗ್ರಾಮ ಪಂಚಾಯಿತಿಗೆ, 41 ಉದ್ಯೋಗಕ್ಕೆ, 43 ಬದುಕಲು ಸಾಲುವ ಕೂಲಿಗೆ ಸಂಬಂಧಿಸಿದವು. ಇವು ಆಡಳಿತಕ್ಕೆ ಮೂಲಭೂತ. ಆದರೆ ಇವನ್ನು ನ್ಯಾಯಾಲಯದ ಮೂಲಕ ಜಾರಿಮಾಡಿಸುವಂತಿಲ್ಲ.

ಈ ಅರೆಮನಸ್ಸು ಬೇಕೆಂದೇ ಮಾಡಿದ್ದು. 1948ರ ನವೆಂಬರ್ 15ರಂದು ಸಂವಿಧಾನ ರಚನಾ ಸಭೆಯಲ್ಲಿ ಸದಸ್ಯ ಕೆ.ಟಿ. ಷಾ ಅವರು ದೇಶವನ್ನು 'ಸಮಾಜವಾದಿ' ಎಂದು ಸಂವಿಧಾನದಲ್ಲೇ ಕರೆಯಬೇಕೆಂದು ತಿದ್ದುಪಡಿ ತಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಆರ್ಥಿಕ ವ್ಯವಸ್ಥೆ ಹೇಗಿರಬೇಕೆಂಬುದನ್ನು ಆಯಾ ಕಾಲದ ಜನರೇ ತೀರ್ಮಾನಿಸಲಿ, ಜೊತೆಗೆ ಆ ದಿಕ್ಕಿನ ಸೂಚನೆಗಳು ನಿರ್ದೇಶಕ ತತ್ವಗಳಲ್ಲಿ ಇದ್ದೇ ಇವೆ ಎಂಬುದು ಅವರ ವಾದ. ಒಂದು ವರ್ಷದ ಬಳಿಕ, 1949ರ ನವೆಂಬರ್ 25ರ ಭಾಷಣದಲ್ಲಿ, ಮತದ ಸಮಾನತೆ ಮತ್ತು ಬದುಕಿನ ಅಸಮಾನತೆ ಬಹಳ ಕಾಲ ಒಟ್ಟಿಗೆ ಬಾಳಲಾರವೆಂದು ಎಚ್ಚರಿಸಿದವರೂ ಅವರೇ. ಆ ಸಭೆಯಲ್ಲಿ ಮೈಸೂರು ಸಂಸ್ಥಾನದ ಪ್ರತಿನಿಧಿಗಳಾಗಿದ್ದವರಲ್ಲಿ ಕೆ.ಸಿ. ರೆಡ್ಡಿ, ಕೆ. ಹನುಮಂತಯ್ಯ ಅವರ ಜೊತೆಗೆ, ಹರಿಹರ ಕ್ಷೇತ್ರದ ಶಾಸಕರಾಗಿ ಹೆಸರಾದ ಎಚ್. ಸಿದ್ಧವೀರಪ್ಪ ಅವರೂ ಇದ್ದರು.

ಸಂವಿಧಾನಕ್ಕೂ ಮೊದಲೇ ಇಲ್ಲಿ ವ್ಯಾಪಾರದ ನೀತಿಯ ಕುರಿತು ಮಾತುಗಳಿದ್ದವು. ಹನ್ನೆರಡನೆಯ ಶತಮಾನದ ಶರಣರ ಕಾಯಕ, ದಾಸೋಹಗಳ ಪರಂಪರೆ ಈ ಸೀಮೆಯ ವರ್ತಕ ಹಾಗೂ ಒಕ್ಕಲು ಮನೆತನಗಳಲ್ಲಿ ಬೇರುಬಿಟ್ಟಿತ್ತು. ಹತ್ತಿ ವ್ಯಾಪಾರದಲ್ಲಿ ಗಳಿಸಿ ಛತ್ರ, ವಿದ್ಯಾರ್ಥಿನಿಲಯ ಕಟ್ಟಿಸಿದ ವರ್ತಕರಿಗೆ ಮೈಸೂರು ಅರಸರು 'ಧರ್ಮಪ್ರಕಾಶ' ಎಂಬ ಬಿರುದು ಕೊಡುತ್ತಿದ್ದರು. 1934ರ ಮಾರ್ಚ್‌ನಲ್ಲಿ ಹರಿಜನ ಯಾತ್ರೆಯ ದಾರಿಯಲ್ಲಿ ಗಾಂಧೀಜಿ ಹರಿಹರ, ದಾವಣಗೆರೆಗಳಿಗೆ ಬಂದರು. ಅದೇ ವರ್ಷ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜನಾಬದ್ಧ ಆರ್ಥಿಕತೆ ಬೇಕೆನ್ನುವ ಪುಸ್ತಕ ಪ್ರಕಟಿಸಿದರು. ಚರಕವೋ ಯಂತ್ರವೋ ಎಂಬ ಚರ್ಚೆಯಲ್ಲಿ ದಾವಣಗೆರೆ ಹೆಚ್ಚು ಹೊತ್ತು ತೂಗಾಡಿದಂತೆ ಕಾಣುವುದಿಲ್ಲ. ಗಾಂಧೀಜಿಯನ್ನು ಭಕ್ತಿಯಿಂದ ಬರಮಾಡಿಕೊಂಡ ಊರು ಆ ದಶಕದಲ್ಲೇ ಬಟ್ಟೆಗಿರಣಿ ಕಟ್ಟಿತು.

ಗಿರಣಿಗಳ ಏಳುಬೀಳು

ಹೈದರಾಲಿ ಮರಾಠಾ ಸರದಾರ ಅಪ್ಪಾಜಿರಾಮನಿಗೆ ಜಹಗೀರಾಗಿ ಕೊಟ್ಟ ದಾವಣಗೆರೆ ಅವನ ಕಾಲದಲ್ಲಿ ಪೇಟೆಯಾಯಿತು. ಬೆಂಗಳೂರಿನಿಂದ ಹರಿಹರಕ್ಕೆ ರೈಲು ಬಂದ ಮೇಲೆ ಸುತ್ತಲ ಎರೆಭೂಮಿಯ ಹತ್ತಿ ಇಲ್ಲಿಗೇ ಬಂದು ಬೀಳತೊಡಗಿತು. 1930ರ ದಶಕದ ದಾವಣಗೆರೆ ಕಾಟನ್ ಮಿಲ್ಲಿನ ಬೆನ್ನಿಗೆ ಗಣೇಶ, ಚಂದ್ರೋದಯ, ಶಂಕರ, ಆಂಜನೇಯ, ಭಾರತ್ ಎಂದು ಗಿರಣಿಗಳ ಸಾಲೇ ಎದ್ದು, ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ಬಂತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳ ತಯಾರಿಕೆಗೆ ತೊಡಗಿತು. ಸಂಸ್ಥಾನವೇ ಕೈಗಾರಿಕೆಗೆ ಬೆಂಬಲವಾಗಿ ನಿಲ್ಲುವ ಮೈಸೂರಿನ ಪದ್ಧತಿ, ಸ್ವಾತಂತ್ರ್ಯಾನಂತರದ ಮಿಶ್ರ ಆರ್ಥಿಕತೆಗೆ ಒಗ್ಗಿಕೊಳ್ಳಲು ಈ ಸೀಮೆಗೆ ಕಷ್ಟವಾಗದಂತೆ ಮಾಡಿತು ಎನ್ನಬಹುದು.

43ನೆಯ ವಿಧಿಯ 'ಸಾಲುವ ಕೂಲಿ' ಇಲ್ಲಿ ಬಂದದ್ದು ಕೆಂಬಾವುಟದ ಜೊತೆಗೆ. ಪಾಳಿಯ ಸೈರನ್ನಿನ ಲೆಕ್ಕದಲ್ಲಿ ಬದುಕುತ್ತಿದ್ದ ಕಾರ್ಮಿಕ ಕೇರಿಗಳು ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಕಳಿಸಿದವು. ಬೋನಸ್, ಭವಿಷ್ಯನಿಧಿ, ಕಾಯಂ ನೌಕರಿ ಎನ್ನುವ ಮಾತುಗಳು ಸಂವಿಧಾನದ ಪುಸ್ತಕ ಕಾಣದವರ ಮನೆಯಲ್ಲೂ ಆಡುಮಾತಾದದ್ದು ಸಂಘದ ದೆಸೆಯಿಂದ.

ಆದರೆ ಗಿರಣಿಗಳಿಗೆ ರೋಗ ಹಿಡಿಯಿತು. ಹಳೆಯ ಯಂತ್ರ, ಗಿರಣಿ ಬಟ್ಟೆಗೆ ಪವರ್‌ಲೂಮ್‌ನಿಂದ ಬಂದ ಪೈಪೋಟಿ, ಕೃತಕ ನೂಲು, ಲಾಭವನ್ನು ಯಂತ್ರಕ್ಕೆ ಮರಳಿ ಹಾಕದ ಮಾಲೀಕರು, ಇವೆಲ್ಲ ಸೇರಿದವು. 1968ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಜವಳಿ ನಿಗಮಕ್ಕೆ ರೋಗಗ್ರಸ್ತ ಗಿರಣಿಗಳನ್ನು ವಹಿಸಲು 1974ರಲ್ಲಿ ರಾಷ್ಟ್ರೀಕರಣ ಕಾಯ್ದೆ ಬಂತು. ಆಗ ಸರ್ಕಾರದ ವಶವಾದ 103 ಗಿರಣಿಗಳಲ್ಲಿ ತೋಳಹುಣಸೆಯ ಯಲ್ಲಮ್ಮ ಕಾಟನ್, ಉಲನ್ ಅಂಡ್ ಸಿಲ್ಕ್ ಮಿಲ್ಲೂ ಒಂದು, ಬೆಂಗಳೂರಿನ ಮಿನರ್ವ ಮಿಲ್ಲೂ ಒಂದು.

ಕನ್ನಡ ನಾಡಿನ ಮೂರು ಮೊಕದ್ದಮೆಗಳು

ಆಶಯ ಮೇಲೋ ಹಕ್ಕು ಮೇಲೋ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಉತ್ತರ ಹುಡುಕಿದ ಪ್ರಮುಖ ಮೊಕದ್ದಮೆಗಳಲ್ಲಿ ಮೂರರ ಬೇರು ಕನ್ನಡ ನಾಡಿನಲ್ಲಿದೆ. ಇದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿದ್ದರು. 1973ರ ಏಪ್ರಿಲ್ 24ರ ತೀರ್ಪಿನಲ್ಲಿ 13 ನ್ಯಾಯಮೂರ್ತಿಗಳ ಪೀಠ ಏಳು–ಆರರ ಅಂತರದಲ್ಲಿ, ಸಂಸತ್ತು ಸಂವಿಧಾನದ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂದಿತು. ಅದರ ನಡುವೆಯೂ 39(ಬಿ), (ಸಿ) ಆಶಯಗಳಿಗಾಗಿ ಮಾಡಿದ ಕಾನೂನಿಗೆ 31ಸಿ ವಿಧಿ ಕೊಟ್ಟ ರಕ್ಷಣೆಯ ಮುಖ್ಯ ಭಾಗ ಉಳಿಯಿತು. ಮಠದ ಭೂಮಿಗಾಗಿ ಹೂಡಿದ ದಾವೆ ಪ್ರಜಾಪ್ರಭುತ್ವದ ಬೇಲಿಯಾಯಿತು. ಭೂಮಿ ಮಾತ್ರ ಮಠಕ್ಕೆ ದಕ್ಕಲಿಲ್ಲ.

ಎರಡನೆಯದು ಮಿನರ್ವ ಮಿಲ್ಲಿನ ಪ್ರಕರಣ. ತುರ್ತುಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿ ಎಲ್ಲ ನಿರ್ದೇಶಕ ತತ್ವಗಳನ್ನೂ ಸಮಾನತೆ, ಸ್ವಾತಂತ್ರ್ಯಗಳ ಹಕ್ಕಿಗಿಂತ ಮೇಲೆ ಕೂರಿಸಿತ್ತು. 1980ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ನೇತೃತ್ವದ ಪೀಠ ಬಹುಮತದಿಂದ ಅದನ್ನು ರದ್ದುಮಾಡಿ, ಮೂಲಭೂತ ಹಕ್ಕುಗಳ ಮೂರನೆಯ ಭಾಗ ಮತ್ತು ನಾಲ್ಕನೆಯ ಭಾಗಗಳ ನಡುವಣ ಸಮತೋಲವೇ ಸಂವಿಧಾನದ ತಳಪಾಯ ಎಂದಿತು. ಗಿರಣಿಯ ಮಾಲೀಕರು ಮುಂದಿಟ್ಟ ಪ್ರಶ್ನೆಗೆ ದೇಶಕ್ಕೆಲ್ಲ ಸಲ್ಲುವ ಉತ್ತರ ಸಿಕ್ಕಿತು. ಗಿರಣಿ ಸರ್ಕಾರದ ಬಳಿಯೇ ಉಳಿಯಿತು.

ಮೂರನೆಯದು ಬಸ್ಸಿನ ಮೊಕದ್ದಮೆ. ಖಾಸಗಿ ಗುತ್ತಿಗೆ ವಾಹನಗಳನ್ನು ಸ್ವಾಧೀನಪಡಿಸಿಕೊಂಡು ರಾಜ್ಯ ಸಾರಿಗೆ ಸಂಸ್ಥೆಗೆ ಒಪ್ಪಿಸುವ ಕರ್ನಾಟಕದ 1976ರ ಕಾಯ್ದೆಯನ್ನು 1977ರ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಕೋರ್ಟ್ ಎತ್ತಿಹಿಡಿಯಿತು. ಖಾಸಗಿ ಸ್ವತ್ತೂ ಸಮುದಾಯದ ಸಂಪನ್ಮೂಲವೇ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದರಲ್ಲಿ ಬರೆದ ಪ್ರತ್ಯೇಕ ಅಭಿಪ್ರಾಯ ನಾಲ್ಕು ದಶಕ ಚರ್ಚೆಯಲ್ಲಿತ್ತು. 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅದನ್ನು ಒಪ್ಪದೆ, ಖಾಸಗಿ ಸ್ವತ್ತೆಲ್ಲವೂ ಆ ಮಾತಿನೊಳಗೆ ಬರುವುದಿಲ್ಲ ಎಂದಿತು. ಬಹುಮತದ ತೀರ್ಪು ಬರೆದವರು ಮಿನರ್ವ ತೀರ್ಪಿನ ಚಂದ್ರಚೂಡರ ಮಗ ಡಿ.ವೈ. ಚಂದ್ರಚೂಡ್. ಒಂದು ಕಾಲದ ಆರ್ಥಿಕ ಸಿದ್ಧಾಂತವನ್ನು ಸಂವಿಧಾನದ ಮೇಲೆ ಹೇರಬಾರದೆಂಬ ಅವರ ವಾದದ ಹಿಂದೆ 1948ರ ಅಂಬೇಡ್ಕರ್ ಉತ್ತರ ನಿಂತಿದೆ.

ನ್ಯಾಯಾಲಯ ಸಮತೋಲ ಕಂಡುಕೊಂಡರೂ ತೋಳಹುಣಸೆಯ ಗಿರಣಿಗೆ ಬಂಡವಾಳ ಬರಲಿಲ್ಲ. ಒಡೆತನ ರಾಷ್ಟ್ರದ್ದಾದ ಮಾತ್ರಕ್ಕೆ ಯಂತ್ರ ಹೊಸದಾಗದು. ನಷ್ಟದ ಮೇಲೆ ನಷ್ಟ ಕಂಡು ಯಲ್ಲಮ್ಮ ಮಿಲ್ ಕೊನೆಗೆ ನಿಗಮದ ಮುಚ್ಚಿದ ಘಟಕಗಳ ಪಟ್ಟಿಗೆ ಸೇರಿತು. ಖಾಸಗಿ ಗಿರಣಿಗಳೂ 1985ರ ಹೊಸ ಜವಳಿ ನೀತಿಯ ಬಳಿಕ ಒಂದೊಂದಾಗಿ ಸೊರಗಿದವು. 1991ರ ಜುಲೈ 24ರ ಕೈಗಾರಿಕಾ ನೀತಿ ಪರವಾನಗಿಯ ಕಟ್ಟು ಸಡಿಲಿಸಿ, ಆಮದು ಸುಂಕ ಇಳಿಯುತ್ತ ಹೋದ ದಶಕದಲ್ಲಿ ಹರಿಹರದ ಕಿರ್ಲೋಸ್ಕರ್ ಕೂಡ ಕುಸಿದು, ಹೊಸ ಶತಮಾನದ ಆರಂಭದ ಹೊತ್ತಿಗೆ ಬಾಗಿಲು ಹಾಕಿತು. ದಾವಣಗೆರೆಯ ದುರ್ದೆಸೆಗೆಲ್ಲ 1991 ಕಾರಣ ಎನ್ನುವ ವಾದ ಜನಪ್ರಿಯ. ಕಿರ್ಲೋಸ್ಕರ್ ವಿಷಯದಲ್ಲಿ ಅದರಲ್ಲಿ ಹುರುಳಿದೆ, ಗಿರಣಿಗಳ ವಿಷಯದಲ್ಲಿ ಅರ್ಧಸತ್ಯವೂ ಅಲ್ಲ: ಅವು ಉದಾರೀಕರಣಕ್ಕೆ ಮೊದಲೇ ಏದುಸಿರು ಬಿಡುತ್ತಿದ್ದವು.

ನದಿ ಮತ್ತು ನೀಲಗಿರಿ

ಹರಿಹರದ ಎದುರು ದಡದಲ್ಲಿ, ಇಂದಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ಬಿರ್ಲಾ ಸಮೂಹದ ಗ್ರಾಸಿಂ ಕಂಪನಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಮರದ ತಿರುಳಿನ ಕಾರ್ಖಾನೆ ತೆರೆಯಿತು. ಮರದ ತಿರುಳಿನಿಂದ ವಿಸ್ಕೋಸ್ ನಾರು, ನಾರಿನಿಂದ ಬಟ್ಟೆ. ಹತ್ತಿಯ ಊರಿನ ಪಕ್ಕದಲ್ಲೇ ಹತ್ತಿಯ ಪ್ರತಿಸ್ಪರ್ಧಿ ನೆಲೆಯೂರಿತು. ಗ್ರಾಸಿಂ ನೋಂದಣಿಯಾದದ್ದು 1947ರ ಆಗಸ್ಟ್ 25ರಂದು, ಸ್ವಾತಂತ್ರ್ಯದ ಹತ್ತೇ ದಿನಕ್ಕೆ. ಸಿರಿವಂತರು ಸಂಪತ್ತಿನ ಒಡೆಯರಾಗದೆ ಧರ್ಮದರ್ಶಿಗಳಾಗಲಿ ಎಂದು ಬಯಸಿದ ಗಾಂಧೀಜಿ ಕೊನೆಯ ದಿನಗಳನ್ನು ಕಳೆದದ್ದು ದೆಹಲಿಯ ಬಿರ್ಲಾ ಭವನದಲ್ಲಿ. ಆ ಧರ್ಮದರ್ಶಿತ್ವದ ಪರೀಕ್ಷೆ ತುಂಗಭದ್ರೆಯ ದಡದಲ್ಲಿ ನಡೆಯಿತು.

ಕಾರ್ಖಾನೆ ಸಾವಿರಾರು ಮಂದಿಗೆ ಕೆಲಸ ಕೊಟ್ಟಿತು. ಅದರ ತ್ಯಾಜ್ಯ ನೀರು ನದಿಗಿಳಿದು, ಕೆಳದಂಡೆಯ ಹಳ್ಳಿಗಳಲ್ಲಿ ಮೀನು ಸತ್ತು ತೇಲಿದ, ನೀರು ಕುಡಿಯಲಾಗದ ದೂರುಗಳೂ ಎದ್ದವು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ನೇತೃತ್ವದಲ್ಲಿ, ಈ ದೂರುಗಳನ್ನು ಚಳವಳಿಯಾಗಿ ಮತ್ತು ಕೋರ್ಟಿನ ಅರ್ಜಿಯಾಗಿ ಬೆಳೆಸಿತು. ಅವರ ಕೈಯಲ್ಲಿದ್ದ ಅಸ್ತ್ರಗಳಲ್ಲಿ ಪರಿಸರ ರಕ್ಷಣೆಯ 48ಎ ವಿಧಿಯೂ ಒಂದು. ಮಿನರ್ವ ತೀರ್ಪಿನಲ್ಲಿ ಏಟು ತಿಂದ ಅದೇ 42ನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ್ದ ವಿಧಿ ಅದು. ಕಾರ್ಮಿಕರಿಗೆ ಕಾರ್ಖಾನೆಯ ಆಡಳಿತದಲ್ಲಿ ಪಾಲು ಹೇಳುವ 43ಎ ಕೂಡ ಆಗಲೇ ಬಂದದ್ದು. ಅದನ್ನು ಇಲ್ಲಿ ಯಾರೂ ಬಳಸಿದಂತೆ ಕಾಣುವುದಿಲ್ಲ.

ಕಾರ್ಖಾನೆಗೆ ಮರ ಬೇಕಿತ್ತು. 1984ರಲ್ಲಿ ರಾಜ್ಯ ಸರ್ಕಾರ ಶೇ 51, ಹರಿಹರ ಪಾಲಿಫೈಬರ್ಸ್ ಶೇ 49ರ ಪಾಲಿನಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿಕೊಂಡಿತು. ಸುಮಾರು 30,000 ಹೆಕ್ಟೇರ್ 'ಸಿ' ಮತ್ತು 'ಡಿ' ವರ್ಗದ ಜಮೀನಿನಲ್ಲಿ ನೀಲಗಿರಿ ಬೆಳೆಸುವುದು ಯೋಜನೆ. ಕಡತದಲ್ಲಿ ಬೀಳುಭೂಮಿ ಎನಿಸಿಕೊಂಡ ಈ ನೆಲ ಹಳ್ಳಿಯವರ ಪಾಲಿಗೆ ದನಕ್ಕೆ ಮೇವು, ಒಲೆಗೆ ಸೌದೆ, ಬೇಲಿಗೆ ಗಳು. ಸಮುದಾಯದ ಸಂಪನ್ಮೂಲ ಎಂದು ಬೆರಳು ಮಾಡಿ ತೋರಿಸಬಹುದಾದ ವಸ್ತುವೊಂದಿದ್ದರೆ ಅದು ಇದೇ. ಗಿರಣಿಯನ್ನು ಮಾಲೀಕರಿಂದ ಪಡೆದ ಹತ್ತು ವರ್ಷಕ್ಕೆ ಸರ್ಕಾರ ಗೋಮಾಳವನ್ನು ಊರಿನಿಂದ ಪಡೆದು ಕಂಪನಿಗೆ ಕೊಡಲು ಹೊರಟಿತ್ತು. ಎರಡೂ ಸಲ ಹೇಳಿದ ಕಾರಣ ಸಾರ್ವಜನಿಕ ಹಿತವೇ. ಉದಾರೀಕರಣ ಆಗಿನ್ನೂ ಏಳು ವರ್ಷ ದೂರವಿತ್ತು ಎಂಬುದನ್ನು ಗಮನಿಸಬೇಕು.

ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಆ ಗುಣಿಗಳಲ್ಲೇ ತಮಗೆ ಉಪಯೋಗದ ಗಿಡಗಳನ್ನು ನೆಟ್ಟರು. ಉಪ್ಪಿನ ಸತ್ಯಾಗ್ರಹದ ವಿಧಾನವನ್ನು ಸ್ವದೇಶಿ ಸರ್ಕಾರದ ಕಂಪನಿಯ ಮೇಲೆ ಪ್ರಯೋಗಿಸಿದ ಈ ಚಳವಳಿ ಕರ್ನಾಟಕದ ಸಾರ್ವಜನಿಕ ಜೀವನದಲ್ಲಿ ದೊಡ್ಡ ಘಟನೆ. ದಾವಣಗೆರೆ ಕಡೆಯ ಶಾಲಾ ಪಾಠಗಳಲ್ಲಿ ಅದಕ್ಕೆ ಇನ್ನಷ್ಟು ಜಾಗ ಸಿಗಬೇಕಿತ್ತು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚಿತು. ಪಾಲಿಫೈಬರ್ಸ್ ಕಾರ್ಖಾನೆ ಉಳಿಯಿತು; ಅದು ಈಗಲೂ ನಡೆಯುತ್ತಿದೆ.

ಕಾಲುವೆಯ ಕೊನೆಭಾಗ

ಭದ್ರಾ ಅಣೆಕಟ್ಟೆ ಸ್ವಾತಂತ್ರ್ಯದ ಆಸುಪಾಸು ಶುರುವಾಗಿ 1960ರ ದಶಕದಲ್ಲಿ ಮುಗಿಯಿತು. ಒಟ್ಟು ಸುಮಾರು 1 ಲಕ್ಷ ಹೆಕ್ಟೇರ್ ಅಚ್ಚುಕಟ್ಟಿನಲ್ಲಿ ದೊಡ್ಡ ಪಾಲು ಬಲದಂಡೆ ಕಾಲುವೆಯದು. ಆ ನೀರು ದಾವಣಗೆರೆ, ಹರಿಹರ ತಾಲ್ಲೂಕುಗಳನ್ನು ಭತ್ತದ ಗದ್ದೆಯಾಗಿಸಿ, ಅಕ್ಕಿ ಗಿರಣಿಗಳನ್ನು ಎಬ್ಬಿಸಿತು. ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿ ಹಿಂದೆ ಸರಿದು ಮೆಕ್ಕೆಜೋಳ ಬಂತು.

39(ಬಿ) ವಿಧಿಯ ಹಂಚಿಕೆಯನ್ನು ಕಾಣಬೇಕಾದವರು ಕೋರ್ಟಿಗೆ ಹೋಗಬೇಕಿಲ್ಲ, ಬೇಸಿಗೆ ಬೆಳೆಯ ಹೊತ್ತಿಗೆ ಕಾಲುವೆಯ ಮೇಲೆ ನಡೆದರೆ ಸಾಕು. ಮೇಲ್ಭಾಗದಲ್ಲಿ ಅಡಿಕೆ ತೋಟ ಹಬ್ಬಿ, ಕಾಲುವೆಗೆ ಅಕ್ರಮ ಪಂಪ್‌ಸೆಟ್ ಇಳಿದು, ಕೊನೆಭಾಗದ ರೈತರಿಗೆ ನೀರು ತಲುಪದ ಜಗಳ ವರ್ಷವರ್ಷದ್ದು. ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಸಭೆಯಲ್ಲಿ ಎಷ್ಟು ದಿನ ನೀರು ಬಿಡಬೇಕು, ಎಷ್ಟು ದಿನ ನಿಲ್ಲಿಸಬೇಕು ಎಂಬ ಲೆಕ್ಕಕ್ಕೆ ನಡೆಯುವ ವಾಗ್ವಾದ, ದಾವಣಗೆರೆಯಲ್ಲಿ ನಡೆಯುವ ರಸ್ತೆತಡೆ ಎಲ್ಲವೂ ಆ ವಿಧಿಯ ಸುತ್ತಲೇ ಇವೆ, ಅದರ ಸಂಖ್ಯೆಯನ್ನು ಯಾರೂ ಹೇಳದಿದ್ದರೂ. ಕಾಲುವೆ ಮುಟ್ಟದ ಕೆರೆಗಳಿಗೆ ಹರಿಹರದ ಬಳಿಯ ರಾಜನಹಳ್ಳಿಯಿಂದ ತುಂಗಭದ್ರೆಯ ನೀರೆತ್ತುವ 22 ಕೆರೆಗಳ ಯೋಜನೆ ಬಂದದ್ದೂ ಇಂಥ ಒತ್ತಾಯದಿಂದಲೇ.

ಉದಾರೀಕರಣದ ಮೊದಲ ಬಿಸಿ ರೈತರಿಗೆ ತಟ್ಟಿದ್ದು ಗೊಬ್ಬರದಲ್ಲಿ. 1992ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದುಹಾಕಿತು. ಮುಂದಿನ ತಿಂಗಳು ಹೆದ್ದಾರಿ ಬದಿಯ ಆನಗೋಡಿನಲ್ಲಿ ಹೋರಾಟದಲ್ಲಿದ್ದ ರೈತರ ಮೇಲೆ ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ಅಲ್ಲಿನ ಸ್ಮಾರಕದ ಬಳಿ ಪ್ರತಿ ಸೆಪ್ಟೆಂಬರ್‌ನಲ್ಲಿ ರೈತ ಸಂಘದವರು ಹಸಿರು ಶಾಲು ಹೊದ್ದು ಸೇರುತ್ತಾರೆ. 1980ರಲ್ಲಿ ಹುಟ್ಟಿ, ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಬೆಳೆದ ಆ ಸಂಘ 1992ರ ಕೊನೆಯಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದು ಇದೇ ಕಾಲದ ಮಾತು. ಪಕ್ಕದ ಹಾವೇರಿಯಲ್ಲಿ 2008ರ ಜೂನ್ 10ರಂದು ಮತ್ತೆ ಗೊಬ್ಬರಕ್ಕಾಗಿಯೇ ರೈತರ ಮೇಲೆ ಗುಂಡು ಹಾರಿತು.

ಗಿರಣಿಯಿಂದ ಕಾಲೇಜಿಗೆ

ದಾವಣಗೆರೆ ಬಿದ್ದಲ್ಲೇ ಬಿದ್ದಿರಲಿಲ್ಲ. 1951ರ ಬಿಡಿಟಿ ಇಂಜಿನಿಯರಿಂಗ್ ಕಾಲೇಜು, 1958ರ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆಜೆಎಂ ವೈದ್ಯಕೀಯ ಕಾಲೇಜು ಇವುಗಳ ಮೇಲೆ ಊರು ಹೊಸ ಆರ್ಥಿಕತೆ ಕಟ್ಟಿಕೊಂಡಿತು. ಇಂದು ಬಾಡಿಗೆ ಕೊಠಡಿ, ಖಾನಾವಳಿ, ಬೆಣ್ಣೆದೋಸೆ ಹೋಟೆಲುಗಳ ವ್ಯಾಪಾರದಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯ ನೆಲೆಯಾದದ್ದು ರಾಷ್ಟ್ರೀಕರಣಗೊಂಡ ಗಿರಣಿಯಿದ್ದ ಅದೇ ತೋಳಹುಣಸೆಯಲ್ಲಿ.

ವರ್ತಕರ ದಾನದಿಂದ ನಡೆಯುತ್ತಿದ್ದ ವಿದ್ಯೆ ಶುಲ್ಕದಿಂದ ನಡೆಯುವ ವಿದ್ಯೆಯಾದದ್ದು ರಾಜ್ಯದಾದ್ಯಂತದ ಕಥೆ. ಕರ್ನಾಟಕ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿತು. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ರಾಜ್ಯದ ವೈದ್ಯಕೀಯ ಸೀಟಿನ ದರವನ್ನು ಪ್ರಶ್ನಿಸಿದ 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಶಿಕ್ಷಣ ಹಕ್ಕು ಎಂಬ ಮಾತು ಮೊದಲು ಹೊರಬಿತ್ತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಅದನ್ನು 14 ವರ್ಷದೊಳಗಿನವರಿಗೆ ಸೀಮಿತಗೊಳಿಸಿತು; 2002ರ ತಿದ್ದುಪಡಿ ಅದನ್ನು 21ಎ ವಿಧಿಯಾಗಿಸಿತು. ಆಶಯವೊಂದು ನಾಲ್ಕನೆಯ ಭಾಗದಿಂದ ಮೂರನೆಯ ಭಾಗಕ್ಕೆ ಏರಿದ ಅಪರೂಪದ ಪ್ರಸಂಗ ಇದು.

ಗಿರಣಿ ಬಿಟ್ಟವರಿಗೆಲ್ಲ ಕಾಲೇಜಿನ ಆವರಣದಲ್ಲಿ ಕೆಲಸವಿರಲಿಲ್ಲ. ಹಲವರು ಆಟೊ, ಹಮಾಲಿ, ಮಂಡಕ್ಕಿ ಭಟ್ಟಿ, ಬೀಡಿ ಕಡೆ ಸರಿದರು. ಅಲ್ಲಿ ಸಂಘವೂ ಇಲ್ಲ, ಭವಿಷ್ಯನಿಧಿಯೂ ಇಲ್ಲ. 2016ರ ಜನವರಿಯಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿ ಬಂತು. ಆ ಯೋಜನೆಯ ಭಾಷೆಯಲ್ಲಿ ನಾಗರಿಕನಿದ್ದ, ಕಾರ್ಮಿಕ ಕಾಣುತ್ತಿರಲಿಲ್ಲ.

ಹಳ್ಳಿ, ಕೂಲಿ, ನೆಲ

ಲೋಕಿಕೆರೆಯಂಥ ಹಳ್ಳಿಗಳಿಗೆ ಸಂವಿಧಾನದ ಆಶಯ ತಲುಪಿದ್ದು ಹೆಚ್ಚಾಗಿ ಮೂರು ಕಾನೂನುಗಳ ಹಾದಿಯಲ್ಲಿ. ಮೊದಲನೆಯದು ಪಂಚಾಯಿತಿ. ಆಗಿನ ಸಚಿವ ಅಬ್ದುಲ್ ನಜೀರ್‌ಸಾಬ್ ಅವರ ಮುತುವರ್ಜಿಯಲ್ಲಿ ಬಂದ 1983ರ ಕಾಯ್ದೆ, 73ನೆಯ ತಿದ್ದುಪಡಿಗೆ ಹತ್ತು ವರ್ಷ ಮೊದಲೇ ಅಧಿಕಾರ ವಿಕೇಂದ್ರೀಕರಣದ ದಾರಿ ತೋರಿತ್ತು. ಎರಡನೆಯದು 2005ರ ಉದ್ಯೋಗ ಖಾತರಿ ಕಾಯ್ದೆ: 2006ರ ಫೆಬ್ರವರಿ 2ರಂದು ಅದು ಮೊದಲು ಜಾರಿಯಾದ ದೇಶದ 200 ಜಿಲ್ಲೆಗಳಲ್ಲಿ ಕರ್ನಾಟಕದ ಐದಿದ್ದವು, ದಾವಣಗೆರೆ ಅವುಗಳಲ್ಲೊಂದು. ಮಾರುಕಟ್ಟೆ ತೆರೆದ ಹದಿನೈದು ವರ್ಷಕ್ಕೆ 41ನೆಯ ವಿಧಿ ಜಾಬ್‌ಕಾರ್ಡಿನ ರೂಪದಲ್ಲಿ ಮನೆಬಾಗಿಲಿಗೆ ಬಂದದ್ದು, ಉದಾರೀಕರಣದ ಬಳಿಕ ಸರ್ಕಾರ ಹಿಂದೆ ಸರಿಯಿತು ಎಂಬ ಸರಳ ವಿವರಣೆಗೆ ಹೊಂದುವುದಿಲ್ಲ. 2013ರ ಅನ್ನಭಾಗ್ಯ, 2023ರ ಶಕ್ತಿ ಮತ್ತು ಗೃಹಲಕ್ಷ್ಮಿ ಯೋಜನೆಗಳೂ ಹಾಗೆಯೇ. ಇವುಗಳ ಖರ್ಚು ಹೊರುವ ಖಜಾನೆಗೆ ಅಬಕಾರಿಯೂ ಒಂದು ದೊಡ್ಡ ಮೂಲ. ಮದ್ಯ ತಡೆಯಲು ಯತ್ನಿಸಬೇಕೆನ್ನುವ 47ನೆಯ ವಿಧಿಯ ಹೆಸರಿನಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಬಾಟಲಿಯ ಮದ್ಯ ನಿಲ್ಲಲಿಲ್ಲ.

ಮೂರನೆಯದು, ಎಲ್ಲಕ್ಕಿಂತ ಆಳವಾಗಿ ಮುಟ್ಟಿದ್ದು, ಭೂಸುಧಾರಣೆ. ದೇವರಾಜ ಅರಸರ ಸರ್ಕಾರ 1961ರ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಗೇಣಿದಾರರು ನಮೂನೆ 7ರ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಅದೇ ಕಾನೂನಿನ 79ಎ, 79ಬಿ ಕಲಮುಗಳು ಕೃಷಿಯೇತರ ವರಮಾನ ಒಂದು ಮಿತಿ ಮೀರಿದವರೂ ಕೃಷಿಕರಲ್ಲದವರೂ ಹೊಲ ಕೊಳ್ಳದಂತೆ ತಡೆದಿದ್ದವು. ವರಮಾನದ ಮಿತಿ 1995ರಲ್ಲಿ 2 ಲಕ್ಷ ರೂಪಾಯಿಗೆ, 2015ರಲ್ಲಿ 25 ಲಕ್ಷಕ್ಕೆ ಏರಿತು. 2020ರಲ್ಲಿ ಆ ಕಲಮುಗಳನ್ನೇ ತೆಗೆದುಹಾಕಲಾಯಿತು, ಅದೂ 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲವೆಂಬಂತೆ, ಪೂರ್ವಾನ್ವಯವಾಗಿ. ಹಿಂದೆ ನಡೆದ ಅಕ್ರಮ ಖರೀದಿಗಳ ಮೇಲೆ ಬಾಕಿಯಿದ್ದ ಮೊಕದ್ದಮೆಗಳಿಗೂ ಇದು ಅನ್ವಯಿಸಿತು. ಅದೇ ವರ್ಷ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಪ್ರಾಂಗಣದ ಹೊರಗಿನ ವಹಿವಾಟಿಗೂ ದಾರಿ ಬಿಡಲಾಯಿತು. ಮೆಕ್ಕೆಜೋಳದ ದೊಡ್ಡ ಮಾರುಕಟ್ಟೆಯಾದ ದಾವಣಗೆರೆಯಲ್ಲಿ ರೈತರು, ಹಮಾಲರು ಬೀದಿಗಿಳಿದರು. 2023ರಲ್ಲಿ ಬಂದ ಹೊಸ ಸರ್ಕಾರ ಎಪಿಎಂಸಿ ಕಾನೂನನ್ನು ಹಿಂದಿನ ಸ್ಥಿತಿಗೆ ತರುವ ಮಸೂದೆ ಮಂಡಿಸಿತು. 79ಎ, 79ಬಿ ಕಲಮುಗಳು ಮಾತ್ರ ಕಾನೂನು ಪುಸ್ತಕಕ್ಕೆ ಮರಳಲಿಲ್ಲ.